ಹಾಜರಿ ಪುಸ್ತಕದ ಇಬ್ಬರು ಮಲ್ಲಮ್ಮಂದಿರು

ಕಳೆದ ತಿಂಗಳು ನಮ್ಮ ಎದುರುಮನೆಯವರು ಮೇಲೊಂದು ಅಂತಸ್ತು ಹಾಕಿಸಿದರು. ಹೊಸ ಸ್ಲ್ಯಾಬಿನ ಮೇಲೆ ಗೋಣಿಚೀಲ ಹಾಸಿ ಬೆಳಿಗ್ಗೆ ಸಂಜೆ ನೀರು ಹೊಡೆಯುತ್ತಿದ್ದರು. ಹಸಿ ಸಿಮೆಂಟು, ನೆನೆದ ಗೋಣಿ, ಅದರ ಮೇಲೆ ಬಿಸಿಲು, ಈ ಮೂರೂ ಕೂಡಿದ ಒಂದು ವಾಸನೆ ಇದೆ. ಚಂದದ ವಾಸನೆಯೇನಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಒದ್ದೆ ಸೀರೆ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಕೊಂಡಾಪುರದ ತಗಡಿನ ಶಾಲೆ ಆ ಒಂದು ವರ್ಷ ನಡೆದದ್ದು ಇದೇ ವಾಸನೆಯಲ್ಲಿ.

ಆಗ ಹೈದರಾಬಾದಿಗೆ ಮೆಟ್ರೊ ಬಂದಿರಲಿಲ್ಲ. ಮೊಬೈಲು ಇದ್ದವರು ಅದು ಕಾಣುವ ಹಾಗೆ ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಕೊಂಡಾಪುರದಲ್ಲಿ ಬಂಡೆಗಳಿದ್ದವು, ಬಂಡೆ ಒಡೆದ ಕಡೆ ಗುಂಡಿಗಳಿದ್ದವು, ಗುಂಡಿಗಳಿಂದ ಗಾಜಿನ ಆಫೀಸುಗಳು ಏಳುತ್ತಿದ್ದವು. ಏಳಿಸುತ್ತಿದ್ದವರಲ್ಲಿ ಬಹಳ ಮಂದಿ ನಮ್ಮ ಕಡೆಯವರು: ಯಾದಗಿರಿ, ಸುರಪುರ, ದೇವದುರ್ಗದ ಜನ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ, ಮಕ್ಕಳು ಮರಳಿನ ಗುಡ್ಡೆಯ ಮೇಲೆ.

ನಾನು ರಾಯಚೂರಿನವಳು. ನಮ್ಮಪ್ಪ ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬಿ.ಎಸ್ಸಿ. ಮಾಡಿದೆ, ಆಮೇಲೆ ಬಿ.ಇಡಿ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಬೀದಿದೀಪದ ಕೆಳಗೆ ಓದಿದೆ ಅಂತ ಕಥೆ ಕಟ್ಟುವುದಿಲ್ಲ. ನಮ್ಮ ಮನೆಯಲ್ಲಿ ಕರೆಂಟಿತ್ತು, ಇಲ್ಲದ್ದು ಕೂತು ಓದುವ ಜಾಗ. ಮಾರ್ಕೆಟ್ಟಿನಲ್ಲಿ ಹತ್ತಿಯ ಅಂಡಿಗೆಗಳ ಸಂದಿಯಲ್ಲಿ ಕೂತು ರಸಾಯನಶಾಸ್ತ್ರ ಓದಿದೆ, ತಲೆತುಂಬ ಹತ್ತಿ ಅಂಟಿಸಿಕೊಂಡೇ ಪರೀಕ್ಷೆ ಬರೆದೆ. ಪಾಸಾದೆ. ಊರಲ್ಲಿ ನೌಕರಿಗೆ ಕಾದು ಸಾಕಾಗಿ ಹೈದರಾಬಾದಿಗೆ ಬಂದು ದಿಲ್‌ಸುಖ್‌ನಗರದ ಸೋದರಮಾವನ ಮನೆಯಲ್ಲಿ ಉಳಿದೆ. ಮಾವ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ.

ಹಿಮಾಯತ್‌ನಗರದಲ್ಲಿ ಆಫೀಸು ಇದ್ದ ಒಂದು ಸಂಸ್ಥೆ ಕಟ್ಟಡ ಕೂಲಿಗಳ ಮಕ್ಕಳಿಗೆ ಶಾಲೆ ನಡೆಸುತ್ತಿತ್ತು. ಅಲ್ಲಿನ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ನನ್ನ ಅಂಕಪಟ್ಟಿಯನ್ನೆಲ್ಲ ನೋಡಿ, "ಕನ್ನಡ ಬಾಗಾ ವಚ್ಚಾ?" ಎಂದು ಕೇಳಿದರು. "ಅದೊಂದೇ ಸರಿಯಾಗಿ ಬರೋದು ಮೇಡಂ," ಎಂದೆ. ನಕ್ಕು ಕೆಲಸ ಕೊಟ್ಟರು. ಎರಡು ಬಸ್ಸು ಬದಲಿಸಿ ಕೊಂಡಾಪುರ ಮುಟ್ಟುವ ಹೊತ್ತಿಗೆ ಸೀರೆಯ ನೆರಿಗೆ ಒಂದೂ ಉಳಿಯುತ್ತಿರಲಿಲ್ಲ.

ಶಾಲೆ ಎಂದರೆ ಒಂದು ತಗಡಿನ ಶೆಡ್ಡು, ಒಂದು ಕಪ್ಪು ಹಲಗೆ, ಮೂವತ್ತು ಚಿಲ್ಲರೆ ಮಕ್ಕಳು. ಮೊದಲ ದಿನ ಹಾಜರಿ ಪುಸ್ತಕ ತೆರೆದು ಕೂತೆ. ಹೆಸರು ಹೇಳಲು ಸೈಟಿನ ಮೇಸ್ತ್ರಿಯೇ ಬಂದಿದ್ದ, ಯಾಕೆಂದರೆ ಎಲ್ಲ ಕುಟುಂಬಗಳೂ ಅವನ ಪಟ್ಟಿಯಲ್ಲಿದ್ದವು. ಇಬ್ಬರು ಮಲ್ಲಮ್ಮ ಬಂದರು. ಮೇಸ್ತ್ರಿ ಒಬ್ಬಳನ್ನು ತೋರಿಸಿ, "ಈಕಿ ಮಲ್ಲಮ್ಮರಿ," ಎಂದ. ಇನ್ನೊಬ್ಬಳನ್ನು ತೋರಿಸಿ, "ಆಕಿ ಕರಿ ಮಲ್ಲಮ್ಮ." ನಮ್ಮ ಕಡೆ ಇದು ದಿನನಿತ್ಯದ ಮಾತು. ಒಂದೇ ಹೆಸರಿನವರು ಇಬ್ಬರಿದ್ದರೆ ಒಬ್ಬ ಕೆಂಪ ಹಣಮ, ಒಬ್ಬ ಕರಿ ಹಣಮ. ನನ್ನ ಅಕ್ಷರ ದುಂಡಗೆ, ಮುತ್ತು ಪೋಣಿಸಿದ ಹಾಗೆ ಎಂದು ಕಾಲೇಜಿನಲ್ಲಿ ಹೊಗಳುತ್ತಿದ್ದರು. ಆ ದುಂಡು ಅಕ್ಷರದಲ್ಲಿ ಮೊದಲು 'ಮಲ್ಲಮ್ಮ' ಎಂದು ಬರೆದೆ, ಕೆಳಗೆ 'ಕರಿ ಮಲ್ಲಮ್ಮ' ಎಂದು ಬರೆದೆ. ಕೈ ಎಲ್ಲಿಯೂ ತಡೆಯಲಿಲ್ಲ.

ಈ ಎರಡನೆಯವಳಿಗೆ ಹನ್ನೊಂದು ವರ್ಷ. ದೇವದುರ್ಗದ ಕಡೆಯವಳು, ತಂದೆ ಸಾಬಣ್ಣ ಗಾರೆ ಕೆಲಸ, ತಾಯಿ ಹಣಮವ್ವ ಇಟ್ಟಿಗೆ ಹೊರುವುದು. ಹುಡುಗಿ ಕಂಕುಳಲ್ಲಿ ತಮ್ಮನನ್ನು ಇಟ್ಟುಕೊಂಡೇ ಶಾಲೆಗೆ ಬರುತ್ತಿದ್ದಳು. ಅಂಗಡಿ ಬೋರ್ಡು ಓದಿ ಓದಿಯೇ ತೆಲುಗು ಕಲಿತಿದ್ದಳು. ಭಿನ್ನರಾಶಿ ಒಮ್ಮೆ ಹೇಳಿದರೆ ಸಾಕು. ಊರ ಹೊರಗೆ ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲ್ ಶಾಲೆ ಒಂದಿತ್ತು, ಆರನೇ ತರಗತಿಗೆ ಪರೀಕ್ಷೆ ಇಟ್ಟು ಸೇರಿಸಿಕೊಳ್ಳುತ್ತಿದ್ದರು. ಪರೀಕ್ಷೆ ಮಾರ್ಚ್ ಕೊನೆಯಲ್ಲಿ. ಜೂನ್ ಹೊತ್ತಿಗೆ ಈ ಸೈಟು ಮುಗಿದು ಮೇಸ್ತ್ರಿ ಎಲ್ಲರನ್ನೂ ಪುಣೆಗೆ ಒಯ್ಯುವವನಿದ್ದ. ಹಾಸ್ಟೆಲ್ ಸಿಕ್ಕರೆ ಮಲ್ಲಮ್ಮ ಓದುತ್ತಾಳೆ, ಸಿಗದಿದ್ದರೆ ಪುಣೆಯಲ್ಲಿ ತಾಯಿಯ ಹಿಂದೆ ಇಟ್ಟಿಗೆ ಹೊರುತ್ತಾಳೆ, ಅಷ್ಟೆ. ಆ ವರ್ಷ ನನಗಿದ್ದದ್ದು ಇದೊಂದೇ ಚಿಂತೆ. ಅವಳೊಬ್ಬಳು ದಾಟಿದರೆ ನಾನು ಬಿ.ಇಡಿ. ಮಾಡಿದ್ದು ಸಾರ್ಥಕ ಎಂದುಕೊಂಡಿದ್ದೆ.

ಫೆಬ್ರವರಿಯಲ್ಲಿ ಪಕ್ಕದ ಗಾಜಿನ ಆಫೀಸಿನಿಂದ ಮಾಧವಿ ಎಂಬ ಹುಡುಗಿ ಬಂದಳು. ಅವರ ಕಂಪನಿಯವರು ಶನಿವಾರಗಳಂದು ಮಕ್ಕಳಿಗೆ ಬಿಸ್ಕತ್ತು, ಪೆನ್ಸಿಲು ತಂದುಕೊಡುವ ರೂಢಿ ಇತ್ತು. ಈ ಸಲ ಉದ್ದನೆಯ ಸುರುಳಿಗಳನ್ನು ತಂದಿದ್ದಳು. ಅಮೆರಿಕದಲ್ಲಿ ಫೆಬ್ರವರಿ ಎಂದರೆ ಕಪ್ಪು ಜನರ ಚರಿತ್ರೆಯ ತಿಂಗಳಂತೆ, ಅಲ್ಲಿನ ಮುಖ್ಯ ಕಚೇರಿಯವರು ಎಲ್ಲ ಊರಿನ ಕಚೇರಿಗಳಿಗೂ ಚಿತ್ರಪಟ ಕಳಿಸಿದ್ದರಂತೆ. "ನಮ್ಮ ಆಫೀಸಿನ ಗೋಡೆಗೆ ಒಂದು ಸೆಟ್ ಹಾಕಿದೀವಿ ಮೇಡಂ. ಇನ್ನೊಂದು ಸೆಟ್ ಉಳಿದಿದೆ. ನಿಮ್ಮ ಮಕ್ಕಳಿಗೆ ಹೇಳಿಕೊಡ್ತೀರಾ?" ಎಂದಳು. ಅವಳ ಕನ್ನಡದಲ್ಲಿ ಮೈಸೂರು ಇತ್ತು, ಮುಖದಲ್ಲಿ ನಿಜವಾದ ಆಸೆ ಇತ್ತು. ಒಪ್ಪಿದೆ. ನನಗೇ ಅರ್ಧ ಗೊತ್ತಿರಲಿಲ್ಲ. ಅಂದು ಕೋಠಿಯ ಹಳೆಪುಸ್ತಕದ ಅಂಗಡಿಗೆ ಹೋಗಿ ಒಂದು ಚರಿತ್ರೆಯ ಪುಸ್ತಕ ಹಿಡಿದು ತಂದು, ಮಾವನ ಮನೆಯಲ್ಲಿ ಡಿಕ್ಷನರಿ ಇಟ್ಟುಕೊಂಡು ಓದಿದೆ.

ಒಂದು ಪಟದಲ್ಲಿ ಹಡಗಿನ ಹೊಟ್ಟೆಯೊಳಗೆ ಕಟ್ಟಿಗೆ ಪೇರಿಸಿದ ಹಾಗೆ ಮಲಗಿಸಿದ ಜನ. ಒಂದರಲ್ಲಿ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡದೆ ಕೂತ ಹೆಂಗಸು. ಒಂದರಲ್ಲಿ ಪೊಲೀಸರ ಕಾವಲಿನಲ್ಲಿ ಬಿಳಿಯರ ಶಾಲೆಗೆ ಹೋಗುತ್ತಿರುವ ಪುಟ್ಟ ಹುಡುಗಿ, ಕೈಯಲ್ಲಿ ಚೀಲ, ಕಾಲಲ್ಲಿ ಬಿಳಿ ಕಾಲುಚೀಲ.

ಹಡಗಿನ ಪಟ ನೋಡಿ ಮೊದಲು ಕೇಳಿದವನು ಬಸ್ಸು. ಅವನ ಹೆಸರು ಬಸವರಾಜ, ಎಲ್ಲರೂ ಬಸ್ಸು ಎನ್ನುತ್ತಿದ್ದರು. "ಇವರನ್ನ ಕರ್ಕೊಂಡು ಹೋದ ಮೇಸ್ತ್ರಿ ಯಾರ್ರಿ ಅಕ್ಕೋರ?"

ನನಗೆ ನಗು ಬಂತು, ಆಮೇಲೆ ಬರಲಿಲ್ಲ. "ಮೇಸ್ತ್ರಿ ಅಲ್ಲಪ್ಪ. ಮೇಸ್ತ್ರಿ ನಿಮ್ಮಪ್ಪಗ ಅಡ್ವಾನ್ಸ್ ಕೊಟ್ಟು ಕರ್ಕೊಂಡು ಬಂದಾನ. ಇವರನ್ನ ಬೇಡಿ ಹಾಕಿ ಒಯ್ದು ಮಾರಿದರು. ದನ ಮಾರಿದಂಗ. ಅವರ ಮಕ್ಕಳನ್ನೂ ಮಾರಿದರು."

"ವಾಪಸ ಊರಿಗೆ ಕಳಸಲಿಲ್ಲೇನ್ರಿ?"

"ಇಲ್ಲ."

"ಹಬ್ಬಕ್ಕೂ?"

"ಹಬ್ಬಕ್ಕೂ ಇಲ್ಲ."

ಹಬ್ಬಕ್ಕೂ ಊರಿಗೆ ಬಿಡದವರು ಎಂಥವರು ಎಂದು ಆ ಮಕ್ಕಳಿಗೆ ತಿಳಿಯಿತು. ಬಸ್ಸಿನಲ್ಲಿ ಕೂತ ಹೆಂಗಸಿನ ಕಥೆಗೆ ಮೊದಲನೆಯ ಮಲ್ಲಮ್ಮ, ಆ ಬರೇ ಮಲ್ಲಮ್ಮ, "ಆ ಬಸ್ಸಿನ್ಯಾಗ ಲೇಡೀಸ್ ಸೀಟ್ ಇದ್ದಿಲ್ಲೇನ್ರಿ?" ಎಂದಳು. ನಮ್ಮ ಮಲ್ಲಮ್ಮ ಮಾತ್ರ ಏನೂ ಕೇಳದೆ, ತಮ್ಮನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಆ ಕಾಲುಚೀಲದ ಹುಡುಗಿಯನ್ನೇ ನೋಡುತ್ತಿದ್ದಳು.

ಬಾಗಿಲಲ್ಲಿ ಸೈಟಿನ ವಾಚ್‌ಮನ್ ಜಬ್ಬಾರ್ ಚಾಚಾ ನಿಂತಿದ್ದ. ಅರವತ್ತು ದಾಟಿದ ಎತ್ತರದ ಆಳು, ಕಪ್ಪು ಮೈ, ಸುರುಳಿ ಕೂದಲು ಬೆಳ್ಳಗಾಗಿತ್ತು. ಪಟಗಳನ್ನು ಬಹಳ ಹೊತ್ತು ನೋಡಿ, "ಯೇ ಸಬ್ ಅಮ್ರೀಕಾ ಸೇ ಆಯಾ ಕ್ಯಾ ಮಾ?" ಎಂದ. ಹೌದೆಂದೆ. "ಇತ್ನಾ ದೂರ್ ಕಾಯ್ಕು ಜಾನಾ? ಮೈಂ ಇಧರಿಚ್ ಹೂಂ ನಾ." ಅಷ್ಟು ದೂರ ಯಾಕೆ ಹೋಗಬೇಕು, ನಾನು ಇಲ್ಲೇ ಇದ್ದೇನಲ್ಲ ಎಂದು.

ಕರೆದು ಕುರ್ಚಿ ಹಾಕಿದೆ. ಚಾಚಾ ಸಿದ್ದಿ ಜನಾಂಗದವನು. ಅವನ ಮುತ್ತಜ್ಜ ಆಫ್ರಿಕಾದಿಂದ ಸಮುದ್ರ ದಾಟಿ ಬಂದವನು. ಅಂಥವರಲ್ಲಿ ಕೆಲವರನ್ನು ಮಾರಿ ತಂದಿದ್ದರು, ಕೆಲವರು ಸಿಪಾಯಿಗಳಾಗಿ ಬಂದಿದ್ದರು. ನಿಜಾಮರ ಕಾಲದಲ್ಲಿ ಅವರದೇ ಒಂದು ಕುದುರೆ ಪಡೆ ಇತ್ತು. ಆ ಪಡೆ ಇದ್ದ ಓಣಿಗೇ ಇವತ್ತು ಎ.ಸಿ. ಗಾರ್ಡ್ಸ್ ಎನ್ನುವುದು. ಆ 'ಎ' ಎಂದರೆ ಆಫ್ರಿಕಾ ಎಂದು ನನಗೆ ಅಂದೇ ಗೊತ್ತಾದದ್ದು. ಆ ಓಣಿಯ ಮುಂದೆ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೆನೋ, ಪದವಿ ಕಿಸೆಯಲ್ಲಿ ಇಟ್ಟುಕೊಂಡು.

"ದಾದಾ ಘೋಡೇ ಪೊ, ಮೈಂ ಕುರ್ಸೀ ಪೊ," ಅಜ್ಜ ಕುದುರೆಯ ಮೇಲೆ, ನಾನು ಕುರ್ಚಿಯ ಮೇಲೆ ಎಂದು ಚಾಚಾ ನಕ್ಕ. ಮದುವೆಗಳಲ್ಲಿ ತಮ್ಮವರು ಬಾರಿಸುವ ಮಾರ್ಫಾ ಎಂಬ ವಾದ್ಯದ ತಾಳವನ್ನು ಕುರ್ಚಿಯ ಕೈಮೇಲೆ ಬಾರಿಸಿ ತೋರಿಸಿದ. ಮಕ್ಕಳು ಕುಣಿದರು. ಆಗ ನಮ್ಮ ಮಲ್ಲಮ್ಮ ಬಾಯಿ ಬಿಟ್ಟಳು. ಸೈಟಿನ ಹಿಂದಿಯಲ್ಲಿ, "ಚಾಚಾ, ಲೋಗಾಂ ತುಮ್ಕು ಕಾಲಾ ಬೋಲ್ತೇ ಕ್ಯಾ?" ಜನ ನಿನ್ನನ್ನು ಕರಿಯ ಅಂತಾರಾ ಎಂದು ಕೇಳಿದಳು.

ನಾನು ಗದರಿಸುವುದರಲ್ಲಿದ್ದೆ. ಚಾಚಾ ಕೈ ಎತ್ತಿ ತಡೆದ. "ಬೋಲ್ತೇ ಬೇಟಾ. ಸಿದ್ದಿ ಬೋಲೇ ತೋ ವೋ ಮೇರಾ ಖಾನ್ದಾನ್. ಕಾಲಾ ಬೋಲೇ ತೋ ವೋ ಉನ್ಕಾ ಖಾನ್ದಾನ್ ದಿಖ್ತಾ."

ಸಿದ್ದಿ ಎಂದರೆ ಅದು ನನ್ನ ಮನೆತನ. ಕರಿಯ ಎಂದರೆ, ಅಂದವರ ಮನೆತನ ಎಂಥದೆಂದು ಕಾಣುತ್ತದೆ. ನಾನು ಇದನ್ನು ಕನ್ನಡದಲ್ಲಿ ಮಕ್ಕಳಿಗೆ ಬಿಡಿಸಿ ಹೇಳಿದೆ. ಬಹಳ ಚೆನ್ನಾಗಿ ಹೇಳಿದೆ ಎಂದೇ ಅಂದುಕೊಂಡೆ.

ಮುಂದಿನ ವಾರ ವಿಜ್ಞಾನದಲ್ಲಿ ಹೃದಯದ ಪಾಠವಿತ್ತು. ಹಲಗೆಯ ಮೇಲೆ ಬರೆದು ತೋರಿಸುವುದಕ್ಕಿಂತ ನಿಜವಾದದ್ದನ್ನೇ ತೋರಿಸೋಣ ಎಂದು ಕೊಂಡಾಪುರದ ಹಳೇ ಊರೊಳಗಿನ ಕಟುಕನ ಅಂಗಡಿಗೆ ಹೋದೆ. ಒಂದು ಆಡಿನ ಗುಂಡಿಗೆ ಬೇಕೆಂದೆ. ಒಂದರಿಂದ ಯಾವ ಕೂರಾ ಆಗುತ್ತದಮ್ಮಾ, ಲಿವರನ್ನೂ ತೆಗೆದುಕೋ ಎಂದು ತೆಲುಗಿನಲ್ಲಿ ಉಪದೇಶ ಮಾಡಿದ. ಅಡುಗೆಗಲ್ಲ, ಪಾಠಕ್ಕೆ ಎಂದಾಗ ಕತ್ತಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ.

ಮಕ್ಕಳನ್ನು ಸುತ್ತ ಕೂಡಿಸಿ, ಸ್ಟೀಲ್ ತಟ್ಟೆಯಲ್ಲಿ ಗುಂಡಿಗೆ ಇಟ್ಟೆ. ಸೀಳಲು ಹೊಸ ಬ್ಲೇಡನ್ನು ಮಲ್ಲಮ್ಮನ ಕೈಗೆ ಕೊಟ್ಟೆ. ಒಂದೇ ಗೆರೆಯಲ್ಲಿ ಸೀಳಿದಳು. ಒಳಗೆ ನಾಲ್ಕು ಕೋಣೆಗಳು, ನಡುವೆ ಬಾಗಿಲು. ರಕ್ತ ಮುಂದಕ್ಕೆ ಹೋಗಬಹುದು, ಹಿಂದಕ್ಕೆ ಬಾರದ ಹಾಗೆ ಬಾಗಿಲು ಮುಚ್ಚಿಕೊಳ್ಳುತ್ತದೆ ಎಂದು ತೋರಿಸಿದೆ.

"ಆಡಿಗೆ ನಾಕು ಖೋಲಿ. ನಮ್ಮನಿಯಾಗ ಆರು ಮಂದಿಗೆ ಒಂದ ಖೋಲಿ," ಎಂದ ಬಸ್ಸು.

"ಬಾಗಲಾನೂ ಅದಾವ ನೋಡೋ. ನಮಗ ಗೋಣಿಚೀಲ," ಎಂದಳು ಇನ್ನೊಬ್ಬಳು.

"ಅಕ್ಕೋರ, ಪಾಠ ಮುಗದ ಮ್ಯಾಲ ಇದನ್ನ ಯಾರು ಒಯ್ಯೂದ್ರಿ?"

ಎಲ್ಲರನ್ನೂ ಮರಳಿನ ಗುಡ್ಡೆಯವರೆಗೆ ಓಡಿಸಿ, ವಾಪಸು ಬಂದ ಮೇಲೆ ಮಣಿಕಟ್ಟಿನ ನಾಡಿ ಹಿಡಿಸಿ ಎಣಿಸಲು ಹೇಳಿದೆ. ಖುಷಿಯೋ ಖುಷಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಓದಿದವಳಲ್ಲವೇ ನಾನು, ಹಿಂದಿನ ವಾರದ ಪಾಠವನ್ನೂ ಈ ಪಾಠವನ್ನೂ ಕೂಡಿಸಬೇಕೆನಿಸಿತು. "ನೋಡ್ರಿ, ಹೊರಗ ಕಪ್ಪಿರಲಿ ಕೆಂಪಿರಲಿ, ಒಳಗ ಎಲ್ಲಾರ ಗುಂಡಿಗಿ ಒಂದ. ಚಾಚಾಂದೂ ಇಷ್ಟ, ಆ ಬಸ್ಸಿನ ಹೆಣಮಗಳದೂ ಇಷ್ಟ, ನಿಮ್ದೂ ಇಷ್ಟ," ಎಂದೆ.

ಮಲ್ಲಮ್ಮ ಬ್ಲೇಡು ಕೆಳಗಿಟ್ಟಳು. "ಅಕ್ಕೋರ, ಗುಂಡಿಗಿ ಯಾರಿಗೂ ಕಾಣಂಗಿಲ್ಲಲ್ರಿ."

"ಕಾಣಂಗಿಲ್ಲ."

"ಕಾಣೂದು ಮೈ."

"ಹೌದು."

"ಹಂಗಾರ ಆಕಿ ಬರೇ ಮಲ್ಲಮ್ಮ, ನಾ ಯಾಕ ಕರಿ ಮಲ್ಲಮ್ಮರಿ? ದಿನಾ ಒದರವರು ನೀವ. ಪುಸ್ತಕದಾಗ ಬರದವರೂ ನೀವ."

ಅವಳು ಜಗಳಕ್ಕೆ ಕೇಳಲಿಲ್ಲ. ಭಿನ್ನರಾಶಿ ಕೇಳುವ ದನಿಯಲ್ಲೇ ಕೇಳಿದಳು. ನಾನು ಹೇಳಿದ್ದು ಇಷ್ಟು: "ಅದು ಗುರ್ತಿಗೆ ಬರದದ್ದವ್ವ. ಎಲ್ಲಾರೂ ಹಂಗ ಕರೀತಾರಲ್ಲ. ಕೂಡು."

"ಮತ್ತ ಈಕಿನ್ನ ಬೆಳ್ಳಿ ಮಲ್ಲಮ್ಮ ಅಂತ ಬರೀಬೇಕೇನ್ರಿ?" ಎಂದ ಬಸ್ಸು. ಶೆಡ್ಡು ತುಂಬ ನಗು. ನಾನೂ ನಕ್ಕೆ. ಇವತ್ತಿಗೂ ನನ್ನನ್ನು ಚುಚ್ಚುವುದು ನಾನು ಬರೆದದ್ದಕ್ಕಿಂತ ಆ ನಗು. ಮಲ್ಲಮ್ಮ ಲಂಗಕ್ಕೆ ಕೈ ಒರೆಸಿಕೊಂಡು, ತಮ್ಮನನ್ನು ಎತ್ತಿಕೊಂಡು ತನ್ನ ಜಾಗದಲ್ಲಿ ಕೂತಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಜ್ವರವಿರಬೇಕು ಎಂದುಕೊಂಡೆ. ತಮ್ಮನಿಗೆ ಭೇದಿಯಾಗಿರಬೇಕು ಎಂದುಕೊಂಡೆ. ಒಂದು ವಾರ ಕಳೆಯಿತು. ಬಿಸಿಲು ಏರಿತು, ತಗಡಿನ ಕೆಳಗೆ ಹನ್ನೊಂದರ ಮೇಲೆ ಕೂರಲಾಗದೆ ಬೇವಿನ ಮರದ ಕೆಳಗೆ ಪಾಠ ಮಾಡಿದೆವು, ಹೂವು ಪುಸ್ತಕದ ಮೇಲೆ ಉದುರುತ್ತಿತ್ತು. ಮಾಧವಿ ಬಂದು ಮಕ್ಕಳನ್ನು ಪಟಗಳ ಮುಂದೆ ನಿಲ್ಲಿಸಿ ಫೋಟೊ ತೆಗೆದಳು. ದಿನಾ ಹಾಜರಿ ಕರೆಯುವಾಗ ಆ ಎರಡು ಪದ ಬಂದರೆ ಹಾರಿಸಿ ಕೆಳಗಿನ ಹೆಸರಿಗೆ ಹೋಗುತ್ತಿದ್ದೆ. ಒಂದು ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ನಮ್ಮಪ್ಪ ನೆನಪಾದ. ಮಾರ್ಕೆಟ್ಟಿನ ಗುಮಾಸ್ತ ಹಮಾಲರ ಹೆಸರು ಕೂಗುವಾಗ ಅಪ್ಪನ ಹೆಸರಿಗೆ ನಮ್ಮ ಜಾತಿ ಸೇರಿಸಿ ಕೂಗುತ್ತಿದ್ದ. ಉಳಿದ ಹಮಾಲರಿಗೆ ಬರೇ ಹೆಸರು. ಬುತ್ತಿ ಕೊಡಲು ಹೋದ ನಾನು ಅದನ್ನು ಕೇಳಿಸಿಕೊಂಡು ಬೆಳೆದವಳು. ಅಪ್ಪ "ಹಾಂ ಸಾಹೇಬ್ರ" ಎನ್ನುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ಅದೆಲ್ಲ ಗೊತ್ತಿದ್ದೂ ನಾನು ಅದೇ ಗುಮಾಸ್ತನ ಕೆಲಸ ಮಾಡಿದ್ದೆ, ಅವನಿಗಿಂತ ಚಂದದ ಅಕ್ಷರದಲ್ಲಿ.

ಅಷ್ಟರಲ್ಲಿ ಹಾಸ್ಟೆಲ್ ಶಾಲೆಗೆ ಕೊಡಬೇಕಾದ ಸರ್ಟಿಫಿಕೇಟು ಹಿಮಾಯತ್‌ನಗರದ ಆಫೀಸಿನಿಂದ ಬಂತು. ಮೊಹರು, ಸಹಿ ಎಲ್ಲ ಆಗಿತ್ತು. ಇದನ್ನು ತೋರಿಸಿದರೆ ಹುಡುಗಿ ಕರಗುತ್ತಾಳೆ ಎಂದುಕೊಂಡು ಮಧ್ಯಾಹ್ನ ಊಟದ ಹೊತ್ತಿಗೆ ಅವರ ಗುಡಿಸಲಿಗೆ ಹೋದೆ. ಹಣಮವ್ವ ರೊಟ್ಟಿ ತಿನ್ನುತ್ತಿದ್ದಳು. ತಲೆಗೆ ಸುತ್ತಿದ ಸಿಂಬಿಯನ್ನೂ ತೆಗೆದಿರಲಿಲ್ಲ.

"ಬರ್ರಿ ಅಕ್ಕೋರ. ಈಕಿ ಸಾಲಿಗೆ ಹೋಗಂಗಿಲ್ಲ ಅಂತ ಹಟ ಹಿಡದಾಳ್ರಿ. ನಾ ಹೊಡದೂ ನೋಡಿದೆ."

ಮಲ್ಲಮ್ಮ ಡ್ರಮ್ಮಿನ ಪಕ್ಕದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಕಾಗದವನ್ನು ಅವಳ ಮುಂದೆ ಹಿಡಿದೆ. ಕೈ ಒರೆಸಿಕೊಂಡು ತೆಗೆದುಕೊಂಡಳು. ತೆಲುಗು ನನಗಿಂತ ಅವಳಿಗೇ ಚೆನ್ನಾಗಿ ಬರುತ್ತಿತ್ತು. ಮೊಹರು ಕಂಡ ಸಂತೋಷದಲ್ಲಿ ನಾನು ಪೂರ್ತಿ ಓದಿಯೂ ಇರಲಿಲ್ಲ.

"ಇಲ್ಲೂ ಐತಲ್ರಿ," ಎಂದಳು.

ಇತ್ತು. ತೆಲುಗರಲ್ಲಿ ಮನೆತನದ ಹೆಸರು ಮೊದಲು ಬರೆಯುತ್ತಾರೆ, ಆಮೇಲೆ ವ್ಯಕ್ತಿಯ ಹೆಸರು. ನನ್ನ ಹಾಜರಿ ಪುಸ್ತಕ ನೋಡಿ ಟೈಪು ಮಾಡಿದವರು 'ಕರಿ' ಎನ್ನುವುದು ಹುಡುಗಿಯ ಮನೆತನದ ಹೆಸರೆಂದು ತಿಳಿದಿದ್ದರು. ಮನೆತನದ ಹೆಸರು: ಕರಿ. ವಿದ್ಯಾರ್ಥಿನಿಯ ಹೆಸರು: ಮಲ್ಲಮ್ಮ. ಸಹಿ, ಮೊಹರು.

ಹಣಮವ್ವ ಸಮಾಧಾನ ಮಾಡಲು ನೋಡಿದಳು. "ಅಷ್ಟಕ್ಕ ಯಾಕ ಮುಖ ಸಣ್ಣದು ಮಾಡ್ತಿ? ನನಗ ಹುಟ್ಟಿದಾಗಿಂದ ಮಂದಿ ಕರೆವ್ವ ಅಂತಾರ. ಏನ್ ಕಮ್ಮಿ ಆಗೈತಿ?"

"ನೀ ಹೆಬ್ಬಟ್ಟ ಒತ್ತತಿ ಯವ್ವಾ. ನಾ ಸಹಿ ಮಾಡಾಕಿ," ಎಂದಳು ಮಲ್ಲಮ್ಮ. "ದಿನಾ ನನ್ನ ಕೈಲೆ ನಾನ ಬರೀಬೇಕಾಗ್ತೈತಿ ಅದನ್ನ." ಕಾಗದವನ್ನು ಮಡಚದೆ, ಒದ್ದೆಯಾಗದ ಹಾಗೆ ತುದಿ ಹಿಡಿದು ನನಗೆ ವಾಪಸು ಕೊಟ್ಟಳು. "ನಾ ಪುಣೆಕ್ಕ ಹೋಗ್ತೀನ್ರಿ. ಇಟ್ಟಂಗಿ ಹೊರಾಕ ಸರ್ಟಿಫಿಕೇಟ್ ಕೇಳಂಗಿಲ್ಲ."

ಹಣಮವ್ವ ಮಗಳನ್ನು ನೋಡಿದಳು, ನನ್ನನ್ನು ನೋಡಿದಳು, ರೊಟ್ಟಿಯನ್ನು ಹಾಗೇ ಬಟ್ಟೆಯಲ್ಲಿ ಸುತ್ತಿಟ್ಟಳು.

ಗೇಟಿನ ಹತ್ತಿರ ಜಬ್ಬಾರ್ ಚಾಚಾ ಕುರ್ಚಿ ಎಳೆದು ಕೊಟ್ಟ, ನೀರು ಕೊಟ್ಟ. ಎಲ್ಲ ಹೇಳಿದೆ. ಮಗುವನ್ನು ಹೇಗಾದರೂ ಒಪ್ಪಿಸಬೇಕು, ಬೇಕಾದರೆ ಅವಳ ಮುಂದೆ ತಪ್ಪಾಯಿತು ಎನ್ನುತ್ತೇನೆ ಎಂದೆ. ಚಾಚಾ ತಲೆ ಅಲ್ಲಾಡಿಸಿದ. "ಮುಂಹ್ ಸೇ ಮಾಫೀ ನಕ್ಕೋ ಮಾ. ಕಾಗಜ್ ಪೊ ಲಿಖೇ ಸೋ, ಕಾಗಜ್ ಪೋಚ್ ಮಿಟಾನಾ." ಬಾಯಿಮಾತಿನ ಕ್ಷಮೆ ಬೇಡ. ಕಾಗದದ ಮೇಲೆ ಬರೆದದ್ದನ್ನು ಕಾಗದದ ಮೇಲೆಯೇ ಅಳಿಸಬೇಕು.

ಮರುದಿನ ರಜೆ ಹಾಕಿ ಹಿಮಾಯತ್‌ನಗರಕ್ಕೆ ಹೋದೆ. ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಮೇಡಂ ಕೆಟ್ಟವರಲ್ಲ, ಕೆಲಸ ಹೆಚ್ಚಿದ್ದವರು. "ಕೆ. ಮಲ್ಲಮ್ಮ ಎಂದು ಬರೆದುಕೊಳ್ಳಲಿ. ಆ ಕೆ ಅಂದರೆ ಏನೆಂದು ಯಾರು ಕೇಳುತ್ತಾರೆ?" ಎಂದರು ತೆಲುಗಿನಲ್ಲಿ.

"ಅವಳಿಗೆ ಗೊತ್ತಿರ್ತದಲ್ಲ ಮೇಡಂ," ಎಂದೆ.

ಮೊಹರಾದ ಕಾಗದ ರದ್ದು ಮಾಡಬೇಕಾದರೆ ತಪ್ಪು ಯಾರದೆಂದು ಲಿಖಿತವಾಗಿ ಬೇಕು, ಅದು ನಿನ್ನ ಫೈಲಿನಲ್ಲಿ ಸೇರುತ್ತದೆ, ಬರುವ ತಿಂಗಳು ನಿನ್ನ ಕೆಲಸ ಮುಂದುವರಿಸುವ ಮಾತು ಬಂದಾಗ ಮೇಲಿನವರು ಆ ಫೈಲು ನೋಡುತ್ತಾರೆ ಎಂದರು. ಹೆದರಿಸಲು ಹೇಳಲಿಲ್ಲ, ಇದ್ದದ್ದು ಹೇಳಿದರು. ಮೇಸ್ತ್ರಿ ಹೇಳಿದ ಹಾಗೆ ಬರೆದೆ ಎಂದು ಬರೆಯಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಬಿಳಿ ಹಾಳೆ ಇಸಿದುಕೊಂಡು ಬರೆದೆ: 'ಇಬ್ಬರು ಮಕ್ಕಳಿಗೆ ಒಂದೇ ಹೆಸರಿತ್ತು. ಒಬ್ಬಳ ಹೆಸರಿನ ಹಿಂದೆ ಅವಳ ಮೈಬಣ್ಣವನ್ನು ಸೇರಿಸಿ ಬರೆದೆ. ಅದು ಅವಳ ಹೆಸರಲ್ಲ. ಆ ಪದವನ್ನು ಪುಸ್ತಕದಲ್ಲಿ ಬರೆದವಳು ನಾನು. ತಪ್ಪು ನನ್ನದು.' ಕೆಳಗೆ ಹೆಸರು, ಅದರ ಮುಂದೆ ಬಿ.ಎಸ್ಸಿ., ಬಿ.ಇಡಿ. ಮೇಡಂ ಎರಡು ಸಲ ಓದಿ ಟೈಪಿಗೆ ಕಳಿಸಿದರು. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತು ಹೊಸ ಸರ್ಟಿಫಿಕೇಟು ಕೈಗೆ ಬಂದ ಮೇಲೆಯೇ ಎದ್ದೆ.

ಮಾರನೆಯ ದಿನ ಹೊಸ ಹಾಜರಿ ಪುಸ್ತಕ ಕೊಂಡು ಎಲ್ಲ ಹೆಸರುಗಳನ್ನು ಮತ್ತೆ ಬರೆದೆ. ಮಕ್ಕಳ ಮುಂದೆ ಆ ಪತ್ರದ ನಕಲನ್ನು ಓದಿದೆ. ಬಸ್ಸು ನಗಲಿಲ್ಲ. ಮೊದಲನೆಯ ಮಲ್ಲಮ್ಮ ಎದ್ದು ನಿಂತು, "ನಾ ಆಕಿನ್ನ ಕರ್ಕೊಂಡು ಬರ್ಲೇನ್ರಿ?" ಎಂದಳು. ಹೋಗು ಎನ್ನುವ ಮೊದಲೇ ಓಡಿದಳು.

ಬಹಳ ಹೊತ್ತಿನ ಮೇಲೆ ಇಬ್ಬರೂ ಬಂದರು. ನಮ್ಮ ಮಲ್ಲಮ್ಮ ಒಳಗೆ ಬರದೆ ಹೊಸ್ತಿಲ ಮೇಲೆ ನಿಂತಳು. ಪುಸ್ತಕವನ್ನೂ ಪತ್ರವನ್ನೂ ಅವಳ ಕೈಗೇ ಕೊಟ್ಟೆ. ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ ಬೆರಳಿಟ್ಟು ಓದಿದಳು. ಇಬ್ಬರು ಮಲ್ಲಮ್ಮಂದಿರ ಮುಂದೆಯೂ ತಂದೆಯ ಹೆಸರಿತ್ತು: ದ್ಯಾವಪ್ಪ, ಸಾಬಣ್ಣ. ಆಮೇಲೆ ನಿಧಾನಕ್ಕೆ ಪತ್ರ ಓದಿದಳು.

"ಇದನ್ನ ಆಫೀಸಿನ್ಯಾಗ ಕೊಟ್ರೇನ್ರಿ?"

"ಕೊಟ್ಟೀನಿ."

"ನಿಮಗ ಬೈದ್ರೇನ್ರಿ?"

"ಇನ್ನಾ ಬೈದಿಲ್ಲ. ಬೈಬಹುದು."

ಪುಸ್ತಕ, ಪತ್ರ ಎರಡನ್ನೂ ನನ್ನ ಕೈಗೆ ಕೊಟ್ಟಳು. "ಭಿನ್ನರಾಶಿ ಎಲ್ಲಿ ತನಕ ಆಗೈತ್ರಿ?" ಎಂದು ಒಳಗೆ ಬಂದು ಕೂತಳು.

ಉಳಿದ ದಿನಗಳಲ್ಲಿ ನಾವು ಬೇರೆ ಏನೂ ಮಾಡಲಿಲ್ಲ. ಊಟದ ಹೊತ್ತಿನಲ್ಲಿ ತಮ್ಮನನ್ನು ಮೊದಲನೆಯ ಮಲ್ಲಮ್ಮ ಎತ್ತಿಕೊಳ್ಳುತ್ತಿದ್ದಳು, ಇವಳು ಲೆಕ್ಕ ಮಾಡುತ್ತಿದ್ದಳು. ಪರೀಕ್ಷೆಯ ದಿನ ಸಾಬಣ್ಣ ಒಂದು ದಿನದ ಕೂಲಿ ಬಿಟ್ಟು, ಬಿಳಿ ಅಂಗಿ ತೊಟ್ಟು ಬಂದ. ಮೇ ತಿಂಗಳಲ್ಲಿ ಪಟ್ಟಿ ಬಂತು, ಹೆಸರಿತ್ತು. ನನ್ನ ಪತ್ರ ಫೈಲಿನಲ್ಲಿ ಸೇರಿತು. ಕೆಲಸ ಹೋಗಲಿಲ್ಲ, ಆದರೆ ಆ ವರ್ಷ ಆಗಬೇಕಿದ್ದ ಬಡ್ತಿ ಇನ್ನೊಬ್ಬಳಿಗೆ ಹೋಯಿತು. ಅದಕ್ಕೆ ಪತ್ರವೇ ಕಾರಣವೋ ಏನೋ, ನಾನು ಕೇಳಲಿಲ್ಲ.

ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮರುದಿನ ಅವಳನ್ನು ಹಾಸ್ಟೆಲ್ಲಿಗೆ ಬಿಡಲು ಹೋದೆವು. ಪುಣೆಯ ಲಾರಿ ಸಂಜೆಗೆ ಹೊರಡುವುದಿತ್ತು, ಅದಕ್ಕೇ ಹಣಮವ್ವ ಬೆಳಗಿನಿಂದ ಮಗಳ ಕೈ ಬಿಟ್ಟಿರಲಿಲ್ಲ. ಅಂಗಳದಲ್ಲಿ ಕೆಂಪು ನೀರು ನಿಂತಿತ್ತು. ಒಳಗೆ ಮೇಜಿನ ಹಿಂದೆ ಮೇಟ್ರನ್ ಕೂತಿದ್ದರು. ದಪ್ಪ ಕನ್ನಡಕದ, ಒಳ್ಳೆಯ ಮಾತಿನ ಹೆಂಗಸು. ಸರ್ಟಿಫಿಕೇಟು ನೋಡಿ, "ಮಲ್ಲಮ್ಮಾ?" ಎಂದು ನಿಟ್ಟುಸಿರು ಬಿಟ್ಟರು. "ಇಪ್ಪಟಿಕೇ ಇದ್ದರು ಮಲ್ಲಮ್ಮಲು ಉನ್ನಾರು ತಲ್ಲೀ. ನಿನ್ನೇಮನಿ ಪಿಲವಾಲಿ?"

ಆಗಲೇ ಇಬ್ಬರು ಮಲ್ಲಮ್ಮಂದಿರಿದ್ದಾರೆ, ನಿನ್ನನ್ನು ಏನೆಂದು ಕರೆಯಲಿ ಎಂದು. ಹಾಗೆಂದು ಕನ್ನಡಕ ಮೂಗಿನ ಮೇಲೆ ಇಳಿಸಿ, ಗುರುತು ಹುಡುಕುವವರ ಹಾಗೆ ಹುಡುಗಿಯ ಮುಖವನ್ನೇ ನೋಡಿದರು. ನನಗೆ ಮಾತು ಬಾಯಿಗೆ ಬಂತು. ಹಣಮವ್ವನಿಗೆ ತೆಲುಗು ತಿಳಿಯದಿದ್ದರೂ ಆ ನೋಟ ತಿಳಿಯಿತು, ತಲೆ ತಗ್ಗಿಸಿದಳು.

ಮಲ್ಲಮ್ಮ ತಾಯಿಯ ಕೈ ಬಿಡಿಸಿಕೊಂಡು ಮೇಜಿನ ಹತ್ತಿರ ಹೋದಳು. "ದೇವದುರ್ಗಂ ಮಲ್ಲಮ್ಮ ಅನಿ ರಾಯಂಡಿ," ಎಂದಳು. ದೇವದುರ್ಗದ ಮಲ್ಲಮ್ಮ ಎಂದು ಬರೆಯಿರಿ.

"ಅಬ್ಬೋ, ಕೋಟೆ ಕಟ್ಟಿದ ರಾಣಿಯ ಹೆಸರಿನ ಹಾಗಿದೆ," ಎಂದು ಮೇಟ್ರನ್ ತೆಲುಗಿನಲ್ಲೇ ನಕ್ಕರು.

"ಅದಿ ಮಾ ಊರು," ಎಂದಳು, ನಗದೆ.

ಮೇಟ್ರನ್ ಪೆನ್ನಿನ ಮುಚ್ಚಳ ತೆಗೆದು ಬರೆಯತೊಡಗಿದರು. ಮಲ್ಲಮ್ಮ ಎರಡೂ ಕೈಯನ್ನು ಮೇಜಿನ ಅಂಚಿಗೆ ಊರಿ, ಬಗ್ಗಿ, ಒಂದೊಂದೇ ಅಕ್ಷರ ನೋಡುತ್ತ ನಿಂತಳು. ಕೊನೆಯ ಅಕ್ಷರ ಮುಗಿದು ಮೇಟ್ರನ್ ಪೆನ್ನು ಎತ್ತಿದ ಮೇಲೆಯೇ ತನ್ನ ಪೆಟ್ಟಿಗೆ ಎತ್ತಿಕೊಂಡಳು.